ಬಲಗಡೆಯ ಮಡ್‌ಗಾರ್ಡು ಖಾಲಿ ಇದೆ

ಅದು ರಸ್ತೆಯೇ ಅಲ್ಲ ಎನ್ನುತ್ತೀರಿ. ಒಪ್ಪಿದೆ, ರಸ್ತೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ! ರಸ್ತೆಯಾಗಿದ್ದರೆ ತಾವು ಒಂದು ಬುಟ್ಟಿ ಖಡಿಕಲ್ಲಾದರೂ ಹಾಕಿಸುತ್ತಿದ್ದಿರಿ. ತಾವು ಹಾಕಿಸಿದ್ದು ಸರಪಳಿ, ಅದಕ್ಕೊಂದು ಬೀಗ, ಪಕ್ಕದಲ್ಲಿ ‘ಅಪಾಯ, ವಾಹನ ನಿಷೇಧ’ ಎಂಬ ಬೋರ್ಡು. ಖಾನಾಪುರದಾಚೆಯ ಗುಡ್ಡದ ಮೇಲಿನ ನಮ್ಮ ವಾಡಿಗೆ ಜೀಪು ಹತ್ತುವ ದಾರಿ ಅದೊಂದೇ. ಉದ್ದ ಒಂದು ಫರ್ಲಾಂಗೂ ಇಲ್ಲ. ಆದರೆ ಗೋಡೆಗೆ ಏಣಿ ಒರಗಿಸಿದಂತೆ ನಿಂತಿದೆ.

ಏನು ಅಪಾಯವಂತೆ? ಮುಂದಿನ ಮಡ್‌ಗಾರ್ಡುಗಳ ಮೇಲೆ ಜನರನ್ನು ಕೂರಿಸಿಕೊಂಡು ಜೀಪು ಓಡಿಸುತ್ತೇನಂತೆ. ಖರೇ. ನಾಲ್ಕೂ ಗಾಲಿಗೆ ಗಿಯರ್ ಹಾಕಿದರೂ ಆ ಏರಿನಲ್ಲಿ ಜೀಪಿನ ಮೂತಿ ಮೇಲೇಳುತ್ತದೆ, ಮುಂದಿನ ಗಾಲಿ ನೆಲ ಹಿಡಿಯುವುದಿಲ್ಲ. ಅದಕ್ಕೇ ಏರಿನ ಬುಡದಲ್ಲಿ ನಿಲ್ಲಿಸಿ, ತೂಕದವರಿಬ್ಬರನ್ನು ಮುಂದೆ ಕೂರಿಸುವುದು ನಮ್ಮ ಪದ್ಧತಿ. ಎಡಕ್ಕೆ ನಮ್ಮ ವಾಡಿಯ ಸಾತವ್ವ, ಬಲಕ್ಕೆ ಕಿರಾಣಿ ಅಂಗಡಿಯ ಆದಿನಾಥಣ್ಣ. ಮರ್ಯಾದೆಯ ಜಾಗ ಸ್ವಾಮಿ, ಸುಮ್ಮನೆ ಯಾರಿಗೂ ಸಿಗುವುದಿಲ್ಲ.

ತಮಗೆ ಸಿಕ್ಕಿತ್ತಲ್ಲ! ದೀಪಾವಳಿಗೆ ಮುಂಚೆ ತಾವು ತಪಾಸಣೆಗೆ ಬಂದಾಗ ತಮ್ಮ ಕಾರು ಕೆಳಗೇ ನಿಂತಿತು. ನನ್ನ ಜೀಪು ಹತ್ತಿದಿರಿ. ಆದಿನಾಥಣ್ಣ ಊರಲ್ಲಿರಲಿಲ್ಲ. ಸಾತವ್ವ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸಾಹೇಬ್ರ, ದೇವ್ರು ನಿಮಗ ಛಲೋ ತೂಕ ಕೊಟ್ಟಾನ. ಹಿಂದ ಕುಂತು ಯಾಕ ಹಾಳ ಮಾಡ್ತೀರಿ? ಮುಂದ ಬರ್ರಿ, ಕುಂದರ್ರಿ” ಎಂದಳು. ಅರ್ಧ ಏರಿನಲ್ಲಿ ಬಾನೆಟ್ಟು ತಬ್ಬಿಕೊಂಡು ತಾವು “ಏ ತಮ್ಮಾ, ಸಾವಕಾಶೋ!” ಎಂದು ಕೂಗಿದವರು, ತುದಿ ಮುಟ್ಟಿದೊಡನೆ “ಇನ್ನೊಮ್ಮೆ ಹತ್ತೂಣೇನು?” ಎಂದು ಕೇಳಲಿಲ್ಲವೇ? ಇಳಿದು ಮತ್ತೆ ಹತ್ತಿದೆವಲ್ಲ! ಬೆಳಗಾವಿಯ ಸದಾಶಿವನಗರದ ಮನೆ ಮುಟ್ಟುವಷ್ಟರಲ್ಲಿ ಆ ನಗು ಯಾವ ತಿರುವಿನಲ್ಲಿ ಉದುರಿಹೋಗಿ ಈ ಸರಪಳಿಯಾಯಿತು?

ಈಗ ನಾನು ತಮ್ಮ ಖಾನಾಪುರದ ಕಚೇರಿಯಲ್ಲಿ, ತಮ್ಮದೇ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಜೀಪಿನಲ್ಲಿ ಸಾತವ್ವನ ಮಗಳು ಬಾಳವ್ವ ಮಲಗಿದ್ದಾಳೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದಾರೆ. ಹಸಿ ಹೊಲಿಗೆ ಇಟ್ಟುಕೊಂಡು ಆ ಏರನ್ನು ಅವಳು ನಡೆದು ಹತ್ತಬೇಕೇ? ತಮ್ಮ ಗುಮಾಸ್ತ ಬಸಲಿಂಗಪ್ಪನವರನ್ನು ಬೀಗದ ಕೀಲಿ ಕೇಳಿದೆ. “ಸಾಹೇಬ್ರಿಲ್ಲ. ಕೀಲಿ ಅಲ್ಲೇ ಗ್ವಾಡಿ ಮೊಳಿಗೆ ಐತಿ, ಆದ್ರ ನಾ ಕೊಡಾಂಗಿಲ್ಲಪಾ” ಎಂದರು. ಆಮೇಲೆ ಕೂಸಿನ ಮುಖ ನೋಡಿ ಬಂದು, “ನಾ ಚಾ ಕುಡದ ಬರ್ತೇನಿ. ಸ್ವಲ್ಪ ತಡಾ ಆಗತೈತಿ” ಎಂದು ಹೊರಟೇಹೋದರು.

ನನ್ನ ಬೇಡಿಕೆ ಇಷ್ಟೇ: ಸರಪಳಿ ತೆಗೆಸಿ, ಆ ಏರಿಗೆ ಖಡಿ ಹಾಕಿಸಿ. ಗಾಲಿ ನೆಲ ಹಿಡಿದ ದಿನ ಸಾತವ್ವನನ್ನು ನಾನೇ ಮಡ್‌ಗಾರ್ಡಿನಿಂದ ಇಳಿಸುತ್ತೇನೆ, ಅವಳು ಎಷ್ಟೇ ಬೈಯಲಿ. ಅಲ್ಲಿಯವರೆಗೆ ಕೀಲಿ ವಾಡಿಯಲ್ಲಿರುತ್ತದೆ. ಬೇಕಾದರೆ ಮೇಲೆ ಬನ್ನಿ, ಆದಿನಾಥಣ್ಣನನ್ನು ಹಿಂದೆ ಕೂರಿಸುತ್ತೇನೆ, ಬಲಗಡೆಯ ಜಾಗ ತಮಗೇ.

“ಏ ಬೀರಣ್ಣಾ, ಕೂಸು ಅಳಾಕತ್ತೇತಿ, ಕಾದಂಬರಿ ಬರಿಯಾಕತ್ತೀಯೇನೋ?” ಎಂದು ಸಾತವ್ವ ಕೂಗುತ್ತಿದ್ದಾಳೆ. ಇದರ ನಕಲು ಪತ್ರಿಕೆಗೆ ಹೋಗುತ್ತದೆ. ಮೊಳೆ ಈಗ ಖಾಲಿ. ಫ್ಯಾನು ಆರಿಸಿದ್ದೇನೆ, ಬಾಗಿಲು ಎಳೆದುಕೊಂಡು ಹೊರಟೆ.

ಇಂತಿ,
ಓದು ಹತ್ತನೆಯ ಇಯತ್ತೆಗೇ ನಿಂತರೂ ಏರಿನಲ್ಲಿ ಎಂದೂ ನಿಲ್ಲದ,
ಜೀಪಿನ ಬೀರಣ್ಣ
ಖಾನಾಪುರ, ನವೆಂಬರ್ ೧೯೮೨