ಪ್ರೊಜೆಕ್ಟರ್ ಮುಟ್ಟಿಸದೆ ಯಮುನಕ್ಕನನ್ನು ಫೇಲು ಮಾಡಿದ ಸಾಹೇಬರಿಗೆ

ಹೊಸನಗರ, ೧೨ ಡಿಸೆಂಬರ್ ೧೯೬೬

ಹಾಗಾದರೆ ಸೀರೆಯೇ ಅಡ್ಡಿ ಎಂದಾಯಿತು, ಅಲ್ಲವೇ ಮಾನ್ಯ ಪರವಾನಗಿ ಅಧಿಕಾರಿಗಳೇ? ಟೂರಿಂಗ್ ಟಾಕೀಸಿನ ಆಪರೇಟರ್ ಪರೀಕ್ಷೆಗೆ ಬಂದಿದ್ದ ಯಮುನಮ್ಮನಿಗೆ ಪರವಾನಗಿ ಯಾಕೆ ಕೊಡಲಿಲ್ಲ ಎಂದು ನಾನು ನಿಮಗೆ ಮೂರು ಕಾಗದ ಬರೆದೆ. ಮೂರನೆಯದಕ್ಕೆ ಒಂದೂವರೆ ಸಾಲಿನ ಉತ್ತರ ಬಂತು: 'ಪ್ರೊಜೆಕ್ಟರಿನ ಕಾರ್ಬನ್ ದೀಪದ ಸಮೀಪ ಸೀರೆಯು ಅಪಾಯಕಾರಿಯಾದ್ದರಿಂದ ಸ್ತ್ರೀ ಅಭ್ಯರ್ಥಿಯನ್ನು ಪರಿಗಣಿಸಲಾಗದು.' ಅದನ್ನು ನನ್ನ ಅಜ್ಜಿ ಮಹಾಲಕ್ಷ್ಮಿಯವರಿಗೆ ಓದಿ ಹೇಳಿದೆ. ಒಲೆಯೊಳಗೆ ಕಟ್ಟಿಗೆ ತಳ್ಳುತ್ತಿದ್ದ ಅವರು ಸೆರಗನ್ನು ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದು, "ಎಂತದೇ ಕೂಸೇ, ಹಂಗಾರೆ ಎಂಗೊ ಹೆಂಗಸ್ರು ಒಲೆ ಮುಂದೆ ಕೂರಕ್ಕೂ ಪರವಾನಗಿ ಬೇಕಾ?" ಎಂದು ಕೇಳಿದರು. ಅರವತ್ತು ವರ್ಷ ಬೆಂಕಿಯ ಮುಂದೆ ಸೀರೆ ಉಟ್ಟುಕೊಂಡೇ ಕೂತವರು ಅವರು. ಆ ಬೆಂಕಿ ಸಂಬಳ ಇಲ್ಲದ ಬೆಂಕಿಯಾದ್ದರಿಂದ ಸೀರೆಗೆ ಹತ್ತುವುದಿಲ್ಲವೋ ಏನೋ, ತಿಳಿದವರು ನೀವೇ ಹೇಳಬೇಕು.

ನಾನು ಯಾರೆಂದರೆ, ವಾಗ್ದೇವಿ, ಹದಿನೇಳು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಯಮುನಕ್ಕನ ಅಭಿಮಾನಿ. ನನ್ನ ಗೆಳತಿಯರು ನಟ ನಟಿಯರ ಚಿತ್ರ ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತಾರೆ. ನಾನು ಯಮುನಕ್ಕ ಕತ್ತರಿಸಿ ಎಸೆದ ಫಿಲ್ಮಿನ ತುಂಡುಗಳನ್ನು ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದೇನೆ. ಹುಚ್ಚು ಎನ್ನಿ, ಒಪ್ಪುತ್ತೇನೆ. ಆದರೆ ಈ ಹುಚ್ಚು ಹಿಡಿದದ್ದು ಹೇಗೆಂದು ಕೇಳಿ.

ಕಳೆದ ಏಪ್ರಿಲ್‌ನಲ್ಲಿ ನಾನು ತೀರ್ಥಹಳ್ಳಿಯ ಅತ್ತೆಯ ಮನೆಯಲ್ಲಿದ್ದೆ. ಟೂರಿಂಗ್ ಟಾಕೀಸು ಆಗ ಅಲ್ಲಿ ಡೇರೆ ಹಾಕಿತ್ತು. ನಾಯಕ ಸೇತುವೆಯಿಂದ ಹಾರುವ ಹೊತ್ತಿಗೆ ಸರಿಯಾಗಿ ಫಿಲ್ಮು ಪಟ್ ಎಂದು ಕಡಿಯಿತು. ಸಿಳ್ಳೆ, ಕೂಗು, ಕಡಲೆಸಿಪ್ಪೆಯ ಮಳೆ. ಇನ್ನು ಅರ್ಧ ಗಂಟೆ ಹೋಯಿತು ಎಂದುಕೊಂಡೆ. ಕೈಯಲ್ಲಿದ್ದ ಕಡಲೆ ತಿಂದು ಮುಗಿಸುವುದರೊಳಗೆ ಚಿತ್ರ ಮತ್ತೆ ಓಡಿತು! ನಾಯಕ ಹಾರಿಯೂ ಆಯಿತು, ಒದ್ದೆ ಬಟ್ಟೆಯಲ್ಲಿ ಹಾಡಿಯೂ ಆಯಿತು. ಇಷ್ಟು ಚುರುಕಿನ ಆಪರೇಟರ್ ಯಾರಪ್ಪಾ ಎಂದು ಆಟ ಬಿಟ್ಟ ಮೇಲೆ ಕ್ಯಾಬಿನ್ನಿನ ಏಣಿ ಹತ್ತಿ ಇಣುಕಿದೆ. ಗದ್ದೆ ನಾಟಿಗೆ ಇಳಿಯುವವರ ಹಾಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೆರಗು ಬಿಗಿದು, ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸೊಬ್ಬಳು ಅರ್ಧ ಬ್ಲೇಡಿನಲ್ಲಿ ಫಿಲ್ಮಿನ ಅಂಚು ಹೆರೆದು ಅಂಟು ಹಾಕುತ್ತಿದ್ದಳು.

"ಆಪರೇಟರ್ ಎಲ್ಲಿ?" ಎಂದೆ ನಾನು. ನೋಡಿ, ನಾನೂ ನಿಮ್ಮ ಹಾಗೇ ಇದ್ದೆ.

"ಉಸ್ರು ಬಿಡ್ಬೇಡಿ ಅಮ್ಮ, ಅಂಟು ಒಣಗ್‌ಲಿ. ಆಮೇಲೆ ಹುಡುಕಿ ಕೊಡ್ತೀನಿ" ಎಂದಳು ಆಕೆ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಂಡಸು ಬಿದ್ದು ಬಿದ್ದು ನಕ್ಕರು. ಅವರು ಯಮುನಕ್ಕನ ಗಂಡ ರಾಮಚಂದ್ರಪ್ಪ. ಪರವಾನಗಿ ಅವರ ಹೆಸರಿನಲ್ಲಿದೆ. ಆದರೆ ಹನ್ನೆರಡು ವರ್ಷ ಆ ಕಾರ್ಬನ್ ಬೆಳಕನ್ನು ಬರಿಗಣ್ಣಲ್ಲಿ ನೋಡಿ ನೋಡಿ ಅವರ ದೃಷ್ಟಿ ಮಬ್ಬಾಗಿದೆ. ಎರಡು ವರ್ಷದಿಂದ ಅವರು ಯಂತ್ರದ ಸದ್ದು ಕೇಳುತ್ತಾ ಪಕ್ಕದಲ್ಲಿ ಇರುತ್ತಾರೆ, ಕೈ ಆಡಿಸುವುದೆಲ್ಲ ಯಮುನಕ್ಕ. ಪರವಾನಗಿ ಇದ್ದ ಗಂಡ ಹತ್ತಿರದಲ್ಲೇ ಇದ್ದರಲ್ಲ, ಆದ್ದರಿಂದ ದಯವಿಟ್ಟು ಈಗ ಕಾನೂನಿನ ಪುಸ್ತಕ ತೆಗೆಯಬೇಡಿ. ತೆಗೆಯುವುದಾದರೆ ಜೊತೆಗೆ ಇನ್ನೊಂದು ಪುಸ್ತಕವನ್ನೂ ತೆಗೆಯಬೇಕಾಗುತ್ತದೆ. ಅದು ಟಾಕೀಸಿನ ಅಭಿಪ್ರಾಯ ಪುಸ್ತಕ. ಮಾರ್ಚ್ ಒಂಬತ್ತರಂದು ನೀವೇ ತನಿಖೆಗೆ ಬಂದು, ಕುರ್ಚಿಯ ಸಾಲಿನಲ್ಲಿ ಕೂತು ಇಡೀ ಚಿತ್ರ ನೋಡಿ, 'ಬೆಳಕು ಸ್ಥಿರ, ಜೋಡಣೆ ನಿರ್ದೋಷ, ಆಪರೇಟರ್ ಕೆಲಸ ಅತ್ಯುತ್ತಮ' ಎಂದು ಹಸಿರು ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೀರಿ. ಆ ದಿನ ಯಮುನಕ್ಕ ಮೇಲೆ ಸೀರೆಯಲ್ಲೇ ಇದ್ದಳು ಸ್ವಾಮೀ! ಕೆಳಗೆ ಕೂತ ನಿಮಗೆ ಸುಟ್ಟ ವಾಸನೆ ಬಂತೇ?

ನೀವು ಹೊಗಳಿದ್ದನ್ನು ಕೇಳಿಯೇ ಆಕೆಗೆ ಧೈರ್ಯ ಬಂದದ್ದು. ಗಂಡನ ಪರವಾನಗಿ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಕಣ್ಣಿನ ಪರೀಕ್ಷೆ ಇರುವುದರಿಂದ ಮತ್ತೆ ಸಿಗುವುದಿಲ್ಲ. "ನಂದೇ ಹೆಸ್ರಲ್ಲಿ ತಗೊಂಡ್ರೆ ಹೆಂಗೆ?" ಎಂದು ಆಕೆ ಅರ್ಜಿ ಹಾಕಿದಳು. ಅರ್ಜಿ ಇಂಗ್ಲಿಷಿನಲ್ಲಿತ್ತು, ತುಂಬಿದ್ದು ನಾನು. ಅಕ್ಟೋಬರಿನಲ್ಲಿ ಸಾಗರದಲ್ಲಿ ನಿಮ್ಮ ಪರೀಕ್ಷೆ. ವಯಸ್ಸಿನ ಹುಡುಗಿ ಒಬ್ಬಳೇ ಬಸ್ಸು ಹತ್ತುವುದು ಹೇಗೆಂದು ಮನೆಯಲ್ಲಿ ತಕರಾರಾಯಿತು. ಅಜ್ಜಿ ಅಲ್ಲೇ ಹತ್ತಿರದ ವರದಹಳ್ಳಿಯ ಆಶ್ರಮಕ್ಕೆ ಹೋಗಿಬರುವ ನೆಪ ಹೂಡಿ ನನ್ನ ಜೊತೆ ಹೊರಟೇಬಿಟ್ಟರು. ನಿಮ್ಮ ಜಗುಲಿಯಲ್ಲಿ ಕೂತು ಎಲ್ಲವನ್ನೂ ಕಿಟಕಿಯಿಂದ ನೋಡಿದ ಸಾಕ್ಷಿಗಳು ನಾವಿಬ್ಬರು.

ಒಳಗೆ ಐದು ಜನ ಅಭ್ಯರ್ಥಿಗಳು, ನಾಲ್ವರು ಗಂಡಸರು. ಒಬ್ಬೊಬ್ಬರ ಕೈಗೂ ಫಿಲ್ಮಿನ ಸುರುಳಿ ಕೊಟ್ಟು ಯಂತ್ರಕ್ಕೆ ಏರಿಸಲು ಹೇಳಿದಿರಿ. ಒಬ್ಬರು ತಲೆಕೆಳಗಾಗಿ ಏರಿಸಿದರು. ದುಗ್ಗಪ್ಪನವರೆಂಬ ಇನ್ನೊಬ್ಬರು ಕುತ್ತಿಗೆಗೆ ಉದ್ದ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಚಕ್ರ ತಿರುಗಿದ್ದೇ ಅದರ ತುದಿಯೂ ಫಿಲ್ಮಿನ ಜೊತೆ ಸುತ್ತಿಕೊಳ್ಳುತ್ತಾ ಹೋಗಿ, ಅವರ ಮುಖ ಯಂತ್ರಕ್ಕೆ ಮುತ್ತಿಡುವಷ್ಟು ಹತ್ತಿರ ಹೋಯಿತು. ನಿಮ್ಮ ಜವಾನರು ಓಡಿ ಬಂದು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ! ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಕಿಟಕಿ ಬಿಟ್ಟು ಅಂಗಳಕ್ಕೆ ಹೋಗಿ ನಕ್ಕು ಬಂದೆ. ದುಗ್ಗಪ್ಪನವರು ಪಾಸು.

ಯಮುನಕ್ಕನ ಸರದಿ ಬಂತು. ನೀವು ಸುರುಳಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ.

"ಗಂಡನ ಒಪ್ಪಿಗೆ ಇದೆಯೇನಮ್ಮ?"

"ಅವ್ರೇ ಕಲ್ಸಿದ್ದು ಸ್ವಾಮಿ."

"ಸಂಜೆ ನೀನು ಟಾಕೀಸಿಗೆ ಬಂದು ಕೂತರೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

"ಅವ್ರೇ ಮಾಡ್ತಾರೆ. ನನ್ನ ಕೈ ಸಾರಿಗಿಂತ ಅವ್ರ ಕೈದೇ ರುಚಿ. ಮಿಷನ್ನು ಒಂದ್ಸಲ ಮುಟ್ಲಾ ಸ್ವಾಮಿ?"

"ಬೇಡ ಬೇಡ. ಸಾಕು."

ಇಷ್ಟೇ ಪರೀಕ್ಷೆ! ಉಳಿದ ನಾಲ್ವರಿಗೆ ಸಾರು ಮಾಡಲು ಬರುತ್ತದೆಯೇ ಎಂದು ಯಾಕೆ ಕೇಳಲಿಲ್ಲ? ಹೆಂಡತಿಯ ಒಪ್ಪಿಗೆ ಪತ್ರ ಯಾಕೆ ಬೇಡವಾಯಿತು? ಮಫ್ಲರ್ ಅಪಾಯಕಾರಿಯಾದ್ದರಿಂದ ಪುರುಷ ಅಭ್ಯರ್ಥಿಯನ್ನು ಪರಿಗಣಿಸಲಾಗದು ಎಂಬ ಒಂದೂವರೆ ಸಾಲು ನಿಮ್ಮ ಹಸಿರು ಪೆನ್ನಿಗೆ ಯಾಕೆ ಹೊಳೆಯಲಿಲ್ಲ? ಈ ವರ್ಷ ದೇಶವನ್ನೇ ಒಬ್ಬ ಹೆಂಗಸು ನಡೆಸುತ್ತಿದ್ದಾರೆ ಎಂಬ ಮಾತನ್ನು ಎಲ್ಲರೂ ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟಿದ್ದಾರೆ, ಆದ್ದರಿಂದ ನಾನು ಹೇಳುವುದಿಲ್ಲ. ಹೇಳದಿದ್ದರೂ ನಿಮಗೆ ಕೇಳಿಸಿತೆಂದು ಬಲ್ಲೆ.

ಈಗ ಟಾಕೀಸು ನಮ್ಮ ಹೊಸನಗರಕ್ಕೆ ಬಂದಿದೆ. ಯಜಮಾನರು ಕೆಟ್ಟವರಲ್ಲ, ಆದರೆ ಪರವಾನಗಿ ಇಲ್ಲದವರನ್ನು ಇಟ್ಟುಕೊಂಡರೆ ಡೇರೆ ಮುಚ್ಚಬೇಕಾಗುತ್ತದೆ ಎಂದು ಹೆದರಿದ್ದಾರೆ. ಜನವರಿ ಒಂದರಿಂದ ಯಮುನಕ್ಕನ ಜಾಗಕ್ಕೆ ದುಗ್ಗಪ್ಪನವರನ್ನು ಗೊತ್ತುಮಾಡಿದ್ದಾರೆ. ಆ ಮನೆಯಲ್ಲಿ ದುಡಿಯುವ ಕೈ ಯಮುನಕ್ಕನದೊಂದೇ. ಆ ಕೈಗೆ ಗೊತ್ತಿರುವ ಕೆಲಸ ಇದೊಂದೇ.

ಇನ್ನು ನಾನು ಈ ನಾಲ್ಕನೆಯ ಪತ್ರವನ್ನು ಪತ್ರಿಕೆಯಲ್ಲೇ ಬರೆಯಬೇಕು ಎನ್ನಿಸಿದ ಸಂಗತಿ. ಮೊನ್ನೆ ಶುಕ್ರವಾರ ನಾನು ಕ್ಯಾಬಿನ್ನಿನಲ್ಲಿದ್ದಾಗ ಏಣಿ ಹತ್ತಿ ದುಗ್ಗಪ್ಪನವರು ಬಂದರು. ಮಫ್ಲರ್ ಇರಲಿಲ್ಲ. ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟರು.

"ಯಮುನಮ್ಮ, ಪರವಾನಗಿ ಏನೋ ಸಿಕ್ತು. ಕಾರ್ಬನ್ ಹಚ್ಚಕ್ಕೆ ಹೋದ್ರೆ ಹತ್ತೋದೇ ಇಲ್ಲ ಮಾರಾಯ್ತಿ. ಒಂಚೂರು ಹೇಳ್ಕೊಡ್ತೀಯಾ?"

ರಾಮಚಂದ್ರಪ್ಪನವರು ಮುಖ ಆ ಕಡೆ ತಿರುಗಿಸಿದರು. ನನಗಂತೂ ದುಗ್ಗಪ್ಪನವರನ್ನು ಏಣಿಯಿಂದ ಕೆಳಗೆ ತಳ್ಳೋಣ ಎನ್ನಿಸಿತು. ಯಮುನಕ್ಕ ಕಪ್ಪು ಕನ್ನಡಕವನ್ನು ಅವರ ಕೈಗಿಟ್ಟಳು.

"ಮೊದ್ಲು ಇದನ್ನ ಹಾಕ್ಕೊ ದುಗ್ಗಪ್ಪಣ್ಣ. ಇವ್ರು ಹಾಕ್ಕೊಳ್ದೇ ಕಣ್ಣು ಕಳ್ಕಂಡ್ರು. ಎರಡು ಕಾರ್ಬನ್ ಕಡ್ಡಿ ಒಂದಕ್ಕೊಂದು ಮುಟ್ಟಿಸ್ಬೇಕು, ತಕ್ಷಣ ಬಿಡಿಸ್ಬೇಕು. ಬಿಡಿಸಿದ್ದು ಜಾಸ್ತಿ ಆದ್ರೆ ಆರ್ತದೆ. ಹೊಸಾ ಮದ್ವೆ ಗಂಡು ಹೆಣ್ಣು ಅನ್ಕ. ನಗ್ಬೇಡ, ಕಡ್ಡಿ ನೋಡು!"

ಎರಡು ಗಂಟೆ ಹೇಳಿಕೊಟ್ಟಳು. ಹದಿನಾರನೆಯ ಸಲಕ್ಕೆ ಬೆಳಕು ಹತ್ತಿದಾಗ ದುಗ್ಗಪ್ಪನವರು ಮಗುವಿನ ಹಾಗೆ ಕುಣಿದರು, ನಾವೂ ಕುಣಿದೆವು, ಕ್ಯಾಬಿನ್ನಿನ ಹಲಗೆ ಕಿರುಗುಟ್ಟಿತು. ಇಳಿಯುವಾಗ ಅವರು ನನ್ನನ್ನು ಕರೆದು, "ನೀವು ಕಾಗ್ದ ಬರೀತೀರಂತಲ್ಲ ಅಮ್ಮ. ನಂದೂ ಒಂದು ಸಹಿ ಇರ್ಲಿ. ಕಲ್ಸೋರನ್ನ ಮನೇಗೆ ಕಳ್ಸಿ ನಾನು ಕೂತ್ರೆ ಊಟ ಸೇರಲ್ಲ" ಎಂದರು. ಅವರ ಸಹಿ ಈ ಪತ್ರದ ಜೊತೆಗಿದೆ. ಹೊಸನಗರ ಡೇರೆಯ ಪ್ರೇಕ್ಷಕರದು ಮುನ್ನೂರ ಹನ್ನೊಂದು ಸಹಿ, ಅದರಲ್ಲಿ ನೂರ ನಾಲ್ಕು ಹೆಬ್ಬೆಟ್ಟು. ಅಜ್ಜಿಯದು ಸಹಿಯೇ. ಹೆಸರು ಬರೆಯುವುದನ್ನು ಇದಕ್ಕೆಂದೇ ಮೂರು ದಿನ ಕೂತು ಕಲಿತರು.

ನಮಗೆ ದಯೆ ಬೇಡ, ರಿಯಾಯಿತಿಯೂ ಬೇಡ. ಡಿಸೆಂಬರ್ ಮೂವತ್ತೊಂದರೊಳಗೆ ಯಮುನಮ್ಮನಿಗೆ ಮರುಪರೀಕ್ಷೆ ಆಗಬೇಕು. ಗಂಡಸರಿಗೆ ಕೊಟ್ಟ ಅದೇ ಸುರುಳಿ, ಅದೇ ಯಂತ್ರ, ಅಷ್ಟೇ ಹೊತ್ತು. ಬೇಕಾದರೆ ನಮ್ಮ ಡೇರೆಗೇ ಬನ್ನಿ. ಫಿಲ್ಮನ್ನು ನೀವೇ ನಿಮಗಿಷ್ಟ ಬಂದ ಕಡೆ ಕಡಿದು ಆಕೆಯ ಕೈಗೆ ಕೊಡಿ. ಆಕೆ ತಪ್ಪಿದರೆ ನಾನು ಈ ಪತ್ರದ ಒಂದೊಂದು ಅಕ್ಷರವನ್ನೂ ಇದೇ ಪತ್ರಿಕೆಯಲ್ಲಿ ವಾಪಸು ಪಡೆಯುತ್ತೇನೆ.

ಇಂತಿ,
ಮೂರು ಅಂಚೆ ಕಾಗದ ದಂಡವಾದರೂ ಬುದ್ಧಿ ಬಾರದ,
ನೆಲದ ಟಿಕೆಟಿನ ಅಭಿಮಾನಿ
ವಾಗ್ದೇವಿ

ಹೆಚ್ಚು ಬರೆಯಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಇದೊಂದಕ್ಕೆ ಮಾತ್ರ ಉತ್ತರ ಕೊಡಿ: ಆಕೆಯ ಕೈಗೆ ಸುರುಳಿ ಕೊಟ್ಟು ನೋಡಲು ನಿಮಗಿರುವ ಹೆದರಿಕೆ, ಆಕೆ ಸೋಲುತ್ತಾಳೆ ಎಂದೋ, ಗೆಲ್ಲುತ್ತಾಳೆ ಎಂದೋ?