ತನುಶ್ರೀಯ ಫ್ಲೆಕ್ಸ್

ಜೂನ್ 19, ಗುರುವಾರ

ಆ ಫ್ಲೆಕ್ಸ್ ಕಣ್ಣ ಮುಂದಿಂದ ಹೋಗ್ತಾನೇ ಇಲ್ಲ. ಬಾಗಲಗುಂಟೆ ಬಸ್ ಸ್ಟಾಪಿನ ಪಕ್ಕ, ನನ್ನ ಎಂಟನೇ ಕ್ಲಾಸಿನ ತನುಶ್ರೀ ರೇಷ್ಮೆ ಸೀರೆ ಉಟ್ಟು ಬಸ್ಸಿನಷ್ಟು ಎತ್ತರಕ್ಕೆ ನಿಂತಿದ್ದಾಳೆ. ಕೆಳಗೆ, 'ಋತುಮತಿ ಆರತಿ ಸಮಾರಂಭಕ್ಕೆ ಸರ್ವರಿಗೂ ಸ್ವಾಗತ'. ಅವಳ ಕ್ಲಾಸಿನ ಹುಡುಗರು ಬಸ್ ಹತ್ತೋದು ಅಲ್ಲೇ.

ಹೋದ ವಾರ ಪಾಠ ಮಾಡಿದವಳು ನಾನೇ. ಮುಟ್ಟು ಸಹಜ, ಮುಚ್ಚಿಡೋಂಥದ್ದಲ್ಲ ಅಂತ ಒತ್ತಿ ಒತ್ತಿ ಹೇಳಿದ್ದೆ. ಇವತ್ತು ಅವಳ ಅಜ್ಜಿ ಮುನಿಕೃಷ್ಣಮ್ಮ ನನ್ನನ್ನ ಆರತಿಗೆ ಕರೆಯೋಕೆ ಸ್ಕೂಲಿಗೇ ಬಂದರು. "ಮುಚ್ಚಿಡಬಾರ್ದು ಅಂತ ನೀವೇ ಏಳಿದ್ರಂತಲ್ಲ ಮಿಸ್? ಭಾನುವಾರ ಮೊದಲ್ನೇ ಆರತಿ ನೀವೇ ಎತ್ತಬೇಕು." ಪೆದ್ದಿ ತರಹ ತಲೆಯಾಡಿಸಿಬಿಟ್ಟೆ. ಇನ್ನೇನು ಹೇಳಬೇಕಿತ್ತು? ಅವರ ಮುಖದಲ್ಲಿ ನಾಚಿಕೆಯೇ ಇರಲಿಲ್ಲ, ಬರೀ ಖುಷಿ. ನಾನು ಬಯಸಿದ್ದೂ ಅದನ್ನೇ ಅಲ್ವಾ?

ಲಾಸ್ಟ್ ಬೆಲ್ ಆದಮೇಲೆ ತನುಶ್ರೀ ಒಬ್ಬಳೇ ಬಂದು ನನ್ನ ಮೇಜಿನ ಹತ್ತಿರ ನಿಂತಳು.

"ಮಿಸ್, ನಂಗೆ ನಾಚಿಕೆ ಏನಿಲ್ಲ. ಆದ್ರೆ ಇದು ನಂದಲ್ವಾ? ನನ್ನನ್ನ ಯಾರೂ ಕೇಳ್ಲೇ ಇಲ್ಲ."

ತಲೆಯಾಡಿಸುವಾಗ ನಾನೂ ಕೇಳಿರಲಿಲ್ಲ.

ಹೋಗದಿದ್ದರೆ ಅಷ್ಟು ಜನರ ಮಧ್ಯೆ ಅವಳೊಬ್ಬಳೇ. ಹೋದರೆ ಆರತಿ ತಟ್ಟೆ ಹಿಡಿದು ನಾನೇ ಅವಳ ಎದುರು ನಿಲ್ಲಬೇಕು, ಅವಳು ನನ್ನನ್ನೇ ನೋಡ್ತಾ...