ನಾಲ್ಕನೇ ಜಾಗದ ಕೂರ್ಮಾದೇವಿ

ಹೊಳನಗದ್ದೆ, ಕುಮಟಾ
೨೬ ಜನವರಿ ೨೦೨೬, ಸೋಮವಾರ, ಮಧ್ಯಾಹ್ನ

ಈ ಹೊತ್ತಿಗೆ ಭಟ್ಕಳದಲ್ಲಿ ಧ್ವಜವಂದನೆ ಮುಗಿಸಿ, ಶಾಲೆಯ ಮಕ್ಕಳಿಗೆ ಲಾಡು ಹಂಚಿ, ಸೀಟಿಯನ್ನು ಕೊರಳಲ್ಲೇ ಮರೆತು ಮನೆಗೆ ಬಂದಿರಬಹುದಾದ ನನ್ನ ಏಕಮಾತ್ರ ಅಕ್ಕ ರೂಪಾಳಿಗೆ, ಹದಿನೈದು ದಿನಗಳಿಂದ ನಿನ್ನ ಮೌನದಂಡನೆ ಅನುಭವಿಸುತ್ತಿರುವ ತಂಗಿ ವಿನುತಾಳ ಸಾಷ್ಟಾಂಗ.

ಕಾಗದ ಕಂಡು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಉಸಿರಾಡುತ್ತಿದ್ದಾರೆ. ನನ್ನ ಫೋನು ಮಾತ್ರ ಅಪ್ಪನ ಕಪಾಟಿನಲ್ಲಿ, ಆಯಿಯ ಧಾರೆಸೀರೆಯ ಅಡಿಯಲ್ಲಿ ಸೆರೆವಾಸದಲ್ಲಿದೆ. ಬಿಡುಗಡೆಯ ದಿನಾಂಕ ತಿಳಿಸಿಲ್ಲ. ಆದ್ದರಿಂದ ಈ ಕಾಗದವನ್ನು ಹಲಸಿನ ಹಪ್ಪಳದ ಡಬ್ಬಿಯ ತಳದಲ್ಲಿಟ್ಟು ನಿನ್ನ ಅತ್ತೆಯ ಕೈಯಲ್ಲೇ ಕಳಿಸುತ್ತಿದ್ದೇನೆ.

ಹೌದು, ನಿನ್ನ ಅತ್ತೆಯ ಕೈಯಲ್ಲಿ. ನಮ್ಮ ಮನೆಯ ಹಪ್ಪಳ. ಬೇಕಾದರೆ ಆ ಸಾಲನ್ನು ಇನ್ನೊಮ್ಮೆ ಓದಿಕೋ, ನಾನು ಕಾಯುತ್ತೇನೆ.

ಈಗ ತಪ್ಪೊಪ್ಪಿಗೆ. ನಿನ್ನ ಕಿವಿಗೆ ಬಿದ್ದದ್ದು ಕಥೆಯ ಕೊನೆಯ ಅರ್ಧ ಮಾತ್ರ, ಅದೂ ನಿನ್ನ ಅತ್ತೆಯ ಏರುಕಂಠದಲ್ಲಿ. ಮೊದಲ ಅರ್ಧವನ್ನು ನನ್ನಿಂದ ಕೇಳು.

ಸಮುದ್ರದ ಬದಿಯ ನಮ್ಮ ಗಾಳಿಮರದ ತೋಪಿನಲ್ಲಿ ಅಪ್ಪ ಕಳೆದ ವರ್ಷ ಶುರುಮಾಡಿದ ಟೆಂಟಿನ ಜಾಗವನ್ನು ನೀನು ಕಂಡಿಲ್ಲ. ಐದೇ ಜಾಗ. ಮರಕ್ಕೆ ಬಣ್ಣದಲ್ಲಿ ಒಂದರಿಂದ ಐದು ಎಂದು ಬರೆದದ್ದು ನಾನು. ಕುಟುಂಬದವರು ಬಂದು ಟೆಂಟು ಹಾಕಿ, ಎರಡು ದಿನ ಇದ್ದು, ಮೈಯೆಲ್ಲ ಉಸುಕು ಮಾಡಿಕೊಂಡು ಹೋಗುತ್ತಾರೆ. ಗಣರಾಜ್ಯೋತ್ಸವ ಈ ಸಲ ಸೋಮವಾರ ಬಿದ್ದದ್ದರಿಂದ ಮೂರು ದಿನ ಸಾಲು ರಜೆ. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದಿಂದೆಲ್ಲ ಫೋನು ಬಂದದ್ದೇ ಬಂದದ್ದು. "ಟೆಂಟಿನಿಂದ ಸಮುದ್ರ ಕಾಣ್ತದಾ?" ಎಂದು ಎಲ್ಲರೂ ಕೇಳುತ್ತಾರೆ. "ಸಮುದ್ರಕ್ಕೂ ನೀವು ಕಾಣ್ತೀರಿ" ಎಂದು ನಾನು ಹೇಳುತ್ತೇನೆ. ಎಲ್ಲರಿಗೂ ಬೇಕಾದದ್ದು ನಾಲ್ಕನೇ ಜಾಗ. ಸುರಹೊನ್ನೆ ಮರದ ನೆರಳು, ಹತ್ತು ಹೆಜ್ಜೆ ಇಳಿದರೆ ತೆರೆ.

ಬುಕಿಂಗಿಗೆ ಅಪ್ಪ ಒಂದು ದೊಡ್ಡ ಪುಸ್ತಕ ಇಟ್ಟಿದ್ದಾನೆ. ಹೆಸರು, ಊರು, ಎಷ್ಟು ಜನ, ಬರುವ ದಿನ, ಬಂದ ಕಾರಣ, ಜಾಗದ ಸಂಖ್ಯೆ. ಒಂದು ಕಾಲಮು ಖಾಲಿ ಇದ್ದರೂ ಅಪ್ಪನಿಗೆ ಅನ್ನ ಸೇರುವುದಿಲ್ಲ. ಪುಸ್ತಕದಲ್ಲಿ ಬರೆದಾಯಿತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಜಾಗ ಬದಲಿಲ್ಲ. ಪಂಚಾಯ್ತಿಯ ಹೆಸರಿನಲ್ಲಿ ನಾನು ಬರೆದ ಸುಳ್ಳು ಸನ್ಮಾನಪತ್ರ ನಂಬಿ, ಹೊಸ ಅಂಗಿ ತೊಟ್ಟು ಜಗುಲಿಯಲ್ಲಿ ಸಂಜೆಯವರೆಗೆ ಕಾದವನು ಅವನು. ಅಪ್ಪನಿಗೆ ತಮಾಷೆ ಅರ್ಥವಾಗುವುದಿಲ್ಲ, ಬರೆದದ್ದು ಅರ್ಥವಾಗುತ್ತದೆ.

ಡಿಸೆಂಬರ್ ಐದರ ಬೆಳಿಗ್ಗೆ ನಾನು ತೋಪು ಗುಡಿಸಲು ಹೋದಾಗ ನಾಲ್ಕನೇ ಜಾಗದಿಂದ ನೀರಿನವರೆಗೆ ಯಾರೋ ಟ್ರ್ಯಾಕ್ಟರ್ ಓಡಿಸಿದ ಹಾಗೆ ಗುರುತು ಬಿದ್ದಿತ್ತು. ಅರಣ್ಯ ಇಲಾಖೆಯ ಗಾರ್ಡ್ ಬೀರಣ್ಣ ಬಂದು ನೋಡಿ, ಕಡಲಾಮೆ ಮೊಟ್ಟೆಯಿಟ್ಟು ಹೋಗಿದೆ ಎಂದು ಸುತ್ತ ಬಲೆ ಕಟ್ಟಿ, ತಾರೀಖಿನ ಬೋರ್ಡು ನೆಟ್ಟ. ಮರಿ ಹೊರಬರಲು ಐವತ್ತು ದಿನದ ಸುಮಾರು, ಅಲ್ಲಿಯವರೆಗೆ ಯಾರೂ ಕಾಲಿಡುವಂತಿಲ್ಲ ಎಂದ. ನಾನು ತಕ್ಷಣ ಪುಸ್ತಕ ತೆರೆದು, ಆದಷ್ಟು ಸುಂದರ ಅಕ್ಷರದಲ್ಲಿ ಬರೆದೆ. ಹೆಸರು: ಶ್ರೀಮತಿ ಕೂರ್ಮಾದೇವಿ. ಊರು: ಪಡುಗಡಲು. ಜನ: ಒಬ್ಬರು, ಮಕ್ಕಳು ನೂರರ ಸುಮಾರು. ಬಂದ ಕಾರಣ: ತವರಿನಲ್ಲಿ ಹೆರಿಗೆ. ಜಾಗ: ನಾಲ್ಕು. ಜನವರಿ ಕೊನೆಯವರೆಗೆ.

ಇಷ್ಟೇ ನನ್ನ ಅಪರಾಧ.

ಅತ್ತ ನಿನ್ನ ಮನೆಯಲ್ಲಿ ಶ್ರೀಧರ ಬಾವ ತಮ್ಮ ಅಪ್ಪ ಅಮ್ಮನನ್ನು ಈ ರಜೆಗೆ ಇಲ್ಲಿಗೆ ಬರಲು ಹೇಗೋ ಒಪ್ಪಿಸಿದ್ದರು. ನಿಮ್ಮ ರಿಜಿಸ್ಟರ್ ಮದುವೆಯಾಗಿ ಎರಡು ವರ್ಷ, ಮಾಲತಿ ಅತ್ತೆ ನಮ್ಮ ಮೆಟ್ಟಿಲು ತುಳಿದವರಲ್ಲ. ಅವರ ಬಾಯಿಂದಲೇ "ತವರಿಗೆ ಹೋಗಿ ಬಾ" ಅನ್ನುವವರೆಗೆ ನೀನೂ ಬರುವವಳಲ್ಲ. ನಿಮ್ಮಿಬ್ಬರ ಹಟದ ನಡುವೆ ಹೆತ್ತ ಆಯಿ ದಿನಾ ನಿನ್ನ ತಟ್ಟೆ ತೊಳೆದು ಬೋರಲು ಹಾಕುತ್ತಾಳೆ, ಯಾರೂ ಉಣ್ಣದ ತಟ್ಟೆಯನ್ನು. ಕೊನೆಗೆ ಅತ್ತೆ ಒಪ್ಪಿದ್ದೂ ಒಂದು ಷರತ್ತಿನ ಮೇಲೆ. "ನೆಂಟರಾಗಿ ಅಲ್ಲ, ಗಿರಾಕಿಯಾಗಿ. ಬುಕ್ ಮಾಡೇ ಹೋಗೂದು. ಅವರ ಮನೆ ನೀರೂ ಬೇಡ."

ಆ ಪ್ರಕಾರ ಅವರೇ ಫೋನು ಮಾಡಿದರು. ಎತ್ತಿದ್ದು ಅಪ್ಪ. ಪಕ್ಕದಲ್ಲಿ ಕೊಬ್ಬರಿ ಕೊಚ್ಚುತ್ತಿದ್ದ ನಾನು ಸಾಕ್ಷಿ.

"ನಾಲ್ಕನೇ ಜಾಗ ಬೇಕಾಗಿತ್ತು" ಎಂದರು ಅತ್ತೆ. ಅಪ್ಪ ಕನ್ನಡಕ ಏರಿಸಿ ಪುಸ್ತಕ ತೆರೆದ. "ನಾಲ್ಕನೇದು ಕೂರ್ಮಾದೇವಿಯವರಿಗೆ ಬುಕ್ಕಾಗೋಗಿದೆ. ಐದು ಕೊಡೂವಾ." ಯಾರವರು ಎಂದು ಅತ್ತೆ ಕೇಳಿದರು. "ಗಿರಾಕಿಗಳ ಸುದ್ದಿ ನಾವು ಹೊರಗೆ ಹೇಳೂದಿಲ್ಲ." ಎಷ್ಟು ಜನ ಎಂದರು. ಸುಳ್ಳು ಹೇಳಲು ಬಾರದ ಅಪ್ಪ, "ಅವರೊಬ್ಬರೇ. ಮಕ್ಕಳು ಒಂದು ನೂರು" ಎಂದ. ಆಮೇಲೆ, "ಎಂತಕ್ಕೆ ಬಂದದ್ದಂತೆ?" ಅಪ್ಪ ಬೆರಳಿಟ್ಟು ಓದಿದ: "ಹೆರಿಗೆಗೆ."

ಫೋನು ಕಟ್ಟಾಯಿತು. ಅದು ಆಮೆಯೆಂದು ಹೇಳಬಾರದಿತ್ತೇ ಎಂದು ಆಯಿ ಹಣೆ ಬಡಿದುಕೊಂಡಳು. "ಅವರು ಕೇಳಲಿಲ್ಲವಲ್ಲ" ಎಂದ ಅಪ್ಪ. ಬೀಗಿತ್ತಿಗೆ ಅವಮಾನ ಮಾಡಿದ್ದಕ್ಕೆ ಮನೆಯಲ್ಲಿ ಯಾರಿಗಾದರೂ ಶಿಕ್ಷೆಯಾಗಲೇಬೇಕಿತ್ತು, ಬರೆದವಳಿಗೆ ಆಯಿತು. ಮುಂದಿನದು ನಿನಗೆ ಗೊತ್ತು. "ಬೀಗರಿಗಿಂತ ದೊಡ್ಡವಳಾ ಆ ಕೂರ್ಮಾದೇವಿ?" ಎಂದು ಅವರು ನಿನ್ನನ್ನು ನಿಲ್ಲಿಸಿ ಕೇಳಿದರಂತೆ. ನೀನು ಅತ್ತುಬಿಟ್ಟೆಯಂತೆ. ನನ್ನೊಡನೆ ಮಾತು ಬಿಟ್ಟೆ. ಅದಕ್ಕೆ ನಾನು ಅರ್ಹಳು. ಆದರೆ ಒಂದು ಗಮನಿಸು. ಗಿರಾಕಿಯಾಗಿ ಬರುತ್ತೇನೆಂದವರು ಸಿಟ್ಟು ಬಂದ ಕೂಡಲೇ ತಮ್ಮನ್ನು ಬೀಗರೆಂದು ಕರೆದುಕೊಂಡರು!

ಆ ಕೂರ್ಮಾದೇವಿಯನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ಐದನೇ ಜಾಗಕ್ಕೇ ಒಪ್ಪಿ, ಶನಿವಾರ ಮಧ್ಯಾಹ್ನ ಕಾರಿನಿಂದಿಳಿದರು. ನಾಗಭೂಷಣ ಮಾವ, ಬಾವ, ಎಲ್ಲರಿಗಿಂತ ಮುಂದೆ ಅತ್ತೆ. ಕೈಯಲ್ಲಿ ಅವರದೇ ನೀರಿನ ಕ್ಯಾನು, ಅವರದೇ ಅವಲಕ್ಕಿ ಡಬ್ಬಿ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರು ಹೋದರೆ ಇವರು ಗಾಳಿಮರಗಳನ್ನು ನೋಡಿದರು. ಪುಸ್ತಕದಲ್ಲಿ ಹೆಸರು ಬರೆದು, ಬಂದ ಕಾರಣ ಎಂಬಲ್ಲಿ ‘ಪ್ರವಾಸ’ ಎಂದು ಒತ್ತಿ ಬರೆದರು. ಕಾಗದ ಹರಿಯದಿದ್ದದ್ದು ಪುಣ್ಯ. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ನಿಮ್ಮ ದೊಡ್ಡ ಗಿರಾಕಿ? ಮಾತಾಡ್ಸ್ಕಂಡೇ ಹೋಗ್ತೆ" ಎಂದರು.

ನಾನು ಅತ್ಯಂತ ಗಂಭೀರವಾಗಿ ಕರೆದುಕೊಂಡು ಹೋಗಿ ಬಲೆಯ ಮುಂದೆ ನಿಲ್ಲಿಸಿದೆ. ಅತ್ತೆ ಬೋರ್ಡು ಓದಿದರು. ಉಸುಕು ನೋಡಿದರು. ನನ್ನನ್ನು ನೋಡಿದರು. "ತವರಿನಲ್ಲಿ ಹೆರಿಗೆ ಅಂತ ಬರ್ದವಳು ನೀನೇಯನೆ?" ಎಂದರು. ಹೌದು ಎಂದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ, ಅದು ಬರಲೇ ಇಲ್ಲ. "ಅದ್ರ ತವರು ಇದೇಯಾ?" ಎಂದಷ್ಟೇ ಕೇಳಿದರು. ಹುಟ್ಟಿದ ಕಡೆಗೇ ಮೊಟ್ಟೆಯಿಡಲು ಬರುತ್ತವೆ ಎಂದು ಅಲ್ಲೇ ಇದ್ದ ಬೀರಣ್ಣ ಹೇಳಿದ. ಗೂಡಿನ ಮೇಲಿನ ಉಸುಕು ಬಟ್ಟಲಿನ ಹಾಗೆ ಕುಸಿದಿದೆ, ಇವತ್ತು ನಾಳೆಯೊಳಗೆ ಮರಿ ಬರುತ್ತವೆ ಎಂದೂ ಹೇಳಿದ. ಅತ್ತೆ ಐದನೇ ಜಾಗಕ್ಕೆ ಹೋಗಿ ಅವಲಕ್ಕಿ ತಿಂದರು. ಆಯಿ ಕಾಯಿಸಿಟ್ಟ ಚಹಾ ಆರಿತು.

ಇಲ್ಲಿಂದ ಮುಂದೆ ಚೇಷ್ಟೆ ಇಲ್ಲ, ಅಕ್ಕ. ಪ್ರಯತ್ನ ಪಟ್ಟೆ, ಬರುತ್ತಿಲ್ಲ.

ನಿನ್ನೆ ಬೆಳಿಗ್ಗೆ ಬೆಳಕು ಇನ್ನೂ ಬೂದಿಬಣ್ಣದಲ್ಲಿತ್ತು. ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಬಲೆಯ ಹತ್ತಿರ ಹೋಗಿದ್ದರು. ನಾನು ಆಯಿಯ ಜೊತೆ ತೋಪಿನಲ್ಲಿ ಸೋಗೆ ಹೊದಿಸಿದ ಅಡುಗೆಮಾಡಿನಲ್ಲಿ ಕೊಟ್ಟೆಕಡುಬಿಗೆ ಹಲಸಿನೆಲೆಯ ದೊನ್ನೆ ಚುಚ್ಚುತ್ತಿದ್ದೆ. ಆಗ ಒಂದು ಕೂಗು ಕೇಳಿತು.

"ರೂಪನ ಆಯೀ! ಬನ್ನಿ, ಬೇಗ ಬನ್ನಿ!"

ಎರಡು ವರ್ಷದಲ್ಲಿ ಆಯಿಯನ್ನು ಅವರು ಕರೆದದ್ದು ಅದೇ ಮೊದಲು. ಆಯಿ ಹಿಟ್ಟಿನ ಕೈಯಲ್ಲೇ ಓಡಿದಳು.

ಉಸುಕು ಕುದಿಯುತ್ತಿತ್ತು. ಗಂಜಿ ಉಕ್ಕುವ ಹಾಗೆ, ಸದ್ದಿಲ್ಲದೆ. ನಡುವಿನಿಂದ ಒಂದು ಕಪ್ಪು ತಲೆ, ಅದರ ಮೇಲೆ ಹತ್ತಿ ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ಒಂದೊಂದೂ ನಮ್ಮ ಕಿರುಬೆರಳಿಗಿಂತ ಉದ್ದವಿಲ್ಲ. ಬೀರಣ್ಣ ಬಲೆ ಸರಿಸಿ, ಮುಟ್ಟಬೇಡಿ, ದಾರಿ ಬಿಡಿ ಎಂದ. ನಾವೆಲ್ಲ ಎರಡು ಬದಿ ನಿಂತೆವು. ನಿನ್ನ ಮಾವ ಪಂಚೆ ಎತ್ತಿ ಕಟ್ಟಿ ಕೊಡೆ ಬೀಸುತ್ತ ಕಾಗೆಗಳ ಮೇಲೆ ಏರಿಹೋದರು. ಮರಿಗಳು ನಡೆದವು. ಹುಟ್ಟಿ ಒಂದು ಗಳಿಗೆಯಾಗಿಲ್ಲ, ತಾಯಿಯನ್ನು ಕಂಡಿಲ್ಲ, ಸಮುದ್ರ ಅಂದರೆ ಏನೆಂದು ಯಾರೂ ಹೇಳಿಕೊಟ್ಟಿಲ್ಲ. ಆದರೂ ನಡೆದವು. ಒದ್ದೆ ಉಸುಕಿನ ಮೇಲೆ ಕೈಹೊಲಿಗೆ ಹಾಕಿದ ಹಾಗೆ ಗುರುತು. ತೆರೆ ಬಂದು ಒಂದನ್ನು ಹಿಂದಕ್ಕೆ ಎಸೆಯಿತು. ಅದು ಮಗುಚಿ, ಎದ್ದು, ಮತ್ತೆ ಅಲ್ಲಿಗೇ ಹೊರಟಿತು.

ಒಂದು ಮರಿ ಮಾತ್ರ ತಿರುಗಿತು. ಅಡುಗೆಮಾಡಿನ ಬಲ್ಬು ಹಾಗೆಯೇ ಉರಿಯುತ್ತಿತ್ತಲ್ಲ, ಆ ಬೆಳಕಿನ ಕಡೆಗೆ. ಅಪ್ಪ ಸ್ವಿಚ್ಚಿಗೆ ಓಡಿದ. ಅವನು ಮುಟ್ಟುವ ಮೊದಲೇ ಅತ್ತೆ ಮರಿಗೂ ಬಲ್ಬಿಗೂ ನಡುವೆ ಹೋಗಿ ನಿಂತು, ಎರಡೂ ಕೈಯಲ್ಲಿ ಸೆರಗನ್ನು ಅಗಲಿಸಿ ಹಿಡಿದರು. ಅವರ ನೆರಳು ಮರಿಯ ಮೇಲೆ ಬಿತ್ತು. ಮರಿ ನಿಂತಿತು. "ಅಲ್ಲಲ್ಲ, ಇತ್ಲಾಗಲ್ಲ ಮಗಾ" ಎಂದರು ಅತ್ತೆ. ಅದು ನಿಧಾನ ತಿರುಗಿ ನೀರಿನ ಕಡೆ ಹೊರಟಿತು. ಅದನ್ನು ಕೊನೆಯ ತೆರೆ ಒಯ್ಯುವವರೆಗೂ ಅವರು ಸೆರಗು ಇಳಿಸಲಿಲ್ಲ. ಬಲ್ಬು ಆರಿ ಎಷ್ಟೋ ಹೊತ್ತಾಗಿತ್ತು.

ಹುಟ್ಟಿದಾಗಿನಿಂದ ಈ ಮನೆಯಲ್ಲಿ ಏನು ನಡೆದರೂ ಅದರ ಹಿಂದೆ ನನ್ನ ಕೈವಾಡವಿದೆ ಎಂದು ಎಲ್ಲರೂ ನನ್ನ ಮುಖ ನೋಡುತ್ತಾರೆ. ನಿನ್ನೆ ಯಾರೂ ನೋಡಲಿಲ್ಲ. ಅಲ್ಲಿ ನಡೆದದ್ದು ಯಾರ ಕೈಯಲ್ಲೂ ಇರಲಿಲ್ಲ.

ಆಮೇಲೆ ಅತ್ತೆ ಬೀರಣ್ಣನನ್ನು ಕೇಳಿದರು, ಇವು ತಿರುಗಿ ಬರುತ್ತವಾ ಎಂದು. ಬದುಕಿ ಉಳಿದ ಹೆಣ್ಣುಗಳು ಹತ್ತು ಹದಿನೈದು ವರ್ಷಕ್ಕೆ ಇದೇ ದಂಡೆಗೆ ಬರುತ್ತವಂತೆ ಎಂದ. "ಅಷ್ಟು ವರ್ಷ ದಾರಿ ನೆನಪಿರ್ತದಾ?" "ಇರ್ತದಂತೆ ಅಮ್ಮ. ಯಾರೂ ತಡೀದಿದ್ರೆ ಬತ್ತವೆ." ಪಾಪ, ಅವನು ಬಲೆ, ಬೋಟಿನ ವಿಷಯ ಹೇಳಿದ್ದು. ಅತ್ತೆ ತಲೆ ತಗ್ಗಿಸಿದರು. ಹಾಗೆಯೇ ಆಯಿಯ ಹಿಟ್ಟಿನ ಕೈ ನೋಡಿ, "ಎಂತ ಮಾಡ್ತಿದ್ರಿ, ಕಡುಬಾ?" ಎಂದರು. "ಕೊಟ್ಟೆಕಡುಬು, ಕಾಯಿಹಾಲು" ಎಂದು ನಾನೇ ಹೇಳಿದೆ. "ಆತು, ಬಡಿಸಿ" ಎಂದರು ಅತ್ತೆ, ನಮ್ಮ ಮೆಟ್ಟಿಲು ಹತ್ತಿದರು. ನಾಲ್ಕು ಕಡುಬು ತಿಂದರು. ಆಯಿ ಗಡಿಬಿಡಿಯಲ್ಲಿ ಬಡಿಸಿದ್ದು ನಿನ್ನ ತಟ್ಟೆಯಲ್ಲಿ.

ಇನ್ನೊಂದು ಒಪ್ಪಿಕೊಂಡುಬಿಡುತ್ತೇನೆ, ಅಪ್ಪನಿಗೆ ಹೇಳಬೇಡ. ಡಿಸೆಂಬರ್ ಐದರಂದೇ ಕ್ಯಾಲೆಂಡರಿನಲ್ಲಿ ಐವತ್ತು ದಿನ ಎಣಿಸಿದ್ದೆ. ಈ ರಜೆಗೆ ಬಂದು ಬೀಳುತ್ತಿತ್ತು. ಇದೇ ಶನಿವಾರ ಕರೆತನ್ನಿ ಎಂದು ಬಾವನ ಬೆನ್ನು ಹತ್ತಿದ್ದು ನಾನೇ. ಅಷ್ಟರ ಮಟ್ಟಿಗೆ ನನ್ನ ಕೈವಾಡ. ಉಳಿದದ್ದು ನನ್ನದಲ್ಲ.

ಕಾರಿಗೆ ಸಾಮಾನು ಏರಿಸುತ್ತಿದ್ದಾರೆ. ಡಬ್ಬಿ ಮುಚ್ಚಬೇಕು. ಮಾತು ಬಿಟ್ಟದ್ದು ಸಾಕು, ಅಕ್ಕ. ಅಪ್ಪನ ಫೋನಿಗಾದರೂ ಒಮ್ಮೆ ಮಾಡು.

ಫೋನಿಲ್ಲದಿದ್ದರೂ ಸುಖವಾಗಿರುವ ನಿನ್ನ ತಂಗಿ,
ವಿನುತಾ

ಡಬ್ಬಿ ತೆರೆದು ಮತ್ತೆ ಬರೆದದ್ದು: ಬೀರಣ್ಣ ಒಡೆದ ಚಿಪ್ಪು ಎಣಿಸಿದ, ನೂರಾ ಹನ್ನೊಂದು. ಅಪ್ಪ ಪುಸ್ತಕದಲ್ಲಿ ಕೂರ್ಮಾದೇವಿಯ ‘ನೂರರ ಸುಮಾರು’ ತಿದ್ದಲು ಕೂತಾಗ ಅತ್ತೆ ಪುಸ್ತಕ ಕೇಳಿ ಪಡೆದರು. ತಮ್ಮ ಸಾಲಿನ ‘ಪ್ರವಾಸ’ ಹೊಡೆದುಹಾಕಿ, ಕೆಳಗೆ ಹೊಸ ಸಾಲು ಬರೆದರು. ಹೆಸರು: ರೂಪಾ. ಊರು: ಭಟ್ಕಳ. ಜನ: ಒಬ್ಬಳು. ಬರುವ ದಿನ: ಯುಗಾದಿ. ಬಂದ ಕಾರಣ: ತವರು. ಮನೆಗೆ ಬಂದು ಅವರೇ ಬಾಯಿಬಿಟ್ಟು ಹೇಳುತ್ತಾರೆ, ಏನೂ ಗೊತ್ತಿಲ್ಲದವಳಂತೆ ಕೇಳಿಸಿಕೋ. ಜಾಗದ ಸಂಖ್ಯೆ ಮಾತ್ರ ಬರೆಯಲಿಲ್ಲ. ಖಾಲಿ ಕಾಲಮು ಸಹಿಸದ ಅಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಈಗಷ್ಟೇ ಇಣುಕಿ ನೋಡಿದೆ. ‘ಮನೆ’ ಎಂದು ಬರೆದಿದ್ದಾನೆ.